ಮುಳ್ಳು ಕೆಳಗಿಳಿದ ದಿನ: ಮನೆ ಅಂಗಳದಲ್ಲೇ ಲಾರಿ ಇಂಜಿನ್ ಬದಲಿಸಿದ ಕಥೆ

ನಾನಿಲ್ಲಿ ಸಾಮಾನ್ಯವಾಗಿ ಮಾತಾಡೋದು ದುಡ್ಡಿನ ಬಗ್ಗೆ. ಸಾಲ, ಇಎಂಐ, ಉಳಿತಾಯ ಇಂಥವು. ಇವತ್ತಿನದೂ ದುಡ್ಡಿನ ವಿಷಯವೇ. ಆದರೆ ಈ ಸಲ ಕೈಗೆ ಗ್ರೀಸ್ ಹತ್ತಿದೆ.

ನಮ್ಮ ಮನೇಲಿ ಒಂದು ಚಿಕ್ಕ ಲಾರಿ ಇದೆ. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್, ಮುಂದೆ ಬಾನೆಟ್ ಇರೋ ಹಳೇ ಗಾಡಿ. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ತಪ್ಪು ಕಂಪನಿಯದಲ್ಲ. ಅಪ್ಪ ಅದರಲ್ಲಿ ತೆಂಗಿನಕಾಯಿ, ಕೊಬ್ಬರಿ, ಸೀಸನ್ ಬಂದಾಗ ಹುಣಸೆ ಸಾಗಿಸ್ತಾರೆ. ನಾನು ಬಿಕಾಂ ಮಾಡಿದ ಮೇಲೆ ಗಾಡಿಯ ಲೆಕ್ಕ ನನ್ನ ಪಾಲಿಗೆ ಬಂತು. ಡೀಸೆಲ್, ಟೋಲ್, ಹಮಾಲಿ, ಟೈರ್, ಎಲ್ಲಾ ನನ್ನ ಎಕ್ಸೆಲ್ ಶೀಟಲ್ಲಿ.

ಬೇಸಿಗೆಯಲ್ಲಿ ಒಂದು ದಿನ ಅಪ್ಪ ಕೊಬ್ಬರಿ ಲೋಡು ತಗೊಂಡು ತಿಪಟೂರಿಗೆ ಹೊರಟಿದ್ರು. ನಿಟ್ಟೂರು ದಾಟಿ ಕೆ.ಬಿ. ಕ್ರಾಸ್ ಕಡೆ ಹೋಗುವಾಗ ಟೆಂಪರೇಚರ್ ಮುಳ್ಳು ಮೇಲೇರಿದೆ. ಅಪ್ಪ ನಿಧಾನ ಮಾಡಿದಾರೆ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗೇ ಕೆಳಗಿಳಿದಿದೆ. ಸರಿಹೋಯ್ತು ಅಂದ್ಕೊಂಡು ಮತ್ತೆ ಆಕ್ಸಿಲೇಟರ್ ಒತ್ತಿದಾರೆ. ಮೂರ್ನಾಲ್ಕು ಕಿಲೋಮೀಟರ್ ಆದ ಮೇಲೆ ಪಿಕಪ್ ಸತ್ತಿದೆ, ಕರಕರ ಅಂತ ಒಂದು ಸದ್ದು ಬಂದಿದೆ, ಗಾಡಿ ನಿಂತಿದೆ. ಆಮೇಲೆ ಸೆಲ್ಫ್ ಹೊಡೆದ್ರೆ ಬರೀ ‘ಟಕ್’.

ಆ ಮುಳ್ಳು ಯಾಕೆ ಇಳಿಯಿತು ಅನ್ನೋದನ್ನ ಎಲ್ರೂ ತಿಳ್ಕೊಂಡಿರಬೇಕು, ನಿಮ್ಮ ಕಾರಿಗೂ ಇದು ಅನ್ವಯ ಆಗುತ್ತೆ. ಟೆಂಪರೇಚರ್ ಸೆನ್ಸರ್ ನೀರಲ್ಲಿ ಮುಳುಗಿರುತ್ತೆ, ಅದು ಅಳೆಯೋದು ನೀರಿನ ಬಿಸಿಯನ್ನ. ನೀರೆಲ್ಲಾ ಸೋರಿಹೋದ್ರೆ ಅದರ ಸುತ್ತ ಉಳಿಯೋದು ಗಾಳಿ, ಆವಿ. ಆಗ ಮುಳ್ಳು ಇಳಿಯಬಹುದು. ಇಂಜಿನ್ ತಣ್ಣಗಾಗಿದೆ ಅಂತ ಅದರ ಅರ್ಥ ಅಲ್ಲ, ಅಳೆಯೋಕೆ ನೀರೇ ಇಲ್ಲ ಅಂತ. ಕೆಂಪಿಗೆ ಹೋದ ಮುಳ್ಳು ಇದ್ದಕ್ಕಿದ್ದಂತೆ ಇಳಿದ್ರೆ ಸಮಾಧಾನ ಪಡಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮಾತ್ರ ಬಿಸಿ ಇದ್ದಾಗ ತೆಗೀಬೇಡಿ. ಒಳಗೆ ಒತ್ತಡ ಇರುತ್ತೆ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ.

ಸೀಜ್ ಅಂದ್ರೆ ಒಳಗೆ ಏನಾಗುತ್ತೆ? ಪಿಸ್ಟನ್ ಅಲ್ಯೂಮಿನಿಯಂದು. ಅದು ಓಡಾಡೋ ಲೈನರ್ ಎರಕದ ಕಬ್ಬಿಣದ್ದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ. ನೀರಿಲ್ಲದೆ ಬಿಸಿ ಏರಿದ್ರೆ ಪಿಸ್ಟನ್ ಊದಿಕೊಂಡು ಲೈನರಿಗೆ ಉಜ್ಜುತ್ತೆ. ಮಧ್ಯದ ಆಯಿಲ್ ಪದರವೂ ಸುಟ್ಟುಹೋಗುತ್ತೆ. ಕೊನೆಗೆ ಲೋಹಕ್ಕೆ ಲೋಹ ಕಚ್ಚಿಕೊಳ್ಳುತ್ತೆ, ಅಷ್ಟೇ.

ಲೋಡನ್ನ ಬೇರೆ ಗಾಡಿಗೆ ಹಾಕಿಸಿ, ನಮ್ಮದನ್ನ ಎಳೆಸಿಕೊಂಡು ಮನೆಗೆ ತಂದ್ವಿ. ಪಕ್ಕದ ಊರಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದೋರೊಬ್ರು ಇದಾರೆ. ಎಲ್ರೂ ಮೇಸ್ತ್ರಿ ಅಂತಾರೆ, ನಾನೂ ಹಾಗೇ ಕರೀತೀನಿ. ಬಂದ ತಕ್ಷಣ ನಾನು, “ಮೇಸ್ತ್ರಿ, ಇಂಜಿನ್ ಸೀಜ್ ಆಗಿದೆ” ಅಂದೆ. ಅವರು, “ಅದನ್ನ ಹೇಳ್ಬೇಕಾದ್ದು ನೀನಲ್ಲ ಕಣಪ್ಪ, ಇಂಜಿನ್ನು” ಅಂದ್ರು.

ಅವರು ಪರೀಕ್ಷೆ ಮಾಡಿದ ಕ್ರಮ ನಂಗೆ ತುಂಬಾ ಹಿಡಿಸ್ತು. ಮೊದಲು ಗೇರ್ ನ್ಯೂಟ್ರಲ್‌ಗೆ ಹಾಕಿದ್ರು. ಆಮೇಲೆ ಫ್ಯಾನ್ ಬೆಲ್ಟ್ ಬಿಚ್ಚಿದ್ರು, ಯಾಕಂದ್ರೆ ಡೈನಮೋನೋ ವಾಟರ್ ಪಂಪೋ ಜಾಮ್ ಆದ್ರೂ ಇಂಜಿನ್ ತಿರುಗದ ಹಾಗೆ ಕಾಣುತ್ತೆ. ಸೆಲ್ಫ್ ಮೋಟಾರ್ ಬಿಚ್ಚಿದ್ರು, ಅದರ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡ್ರೂ ಹಾಗೇ ಆಗುತ್ತೆ. ನಾಲ್ಕೂ ನೋಜಲ್ ತೆಗೆದ್ರು. ಸಿಲಿಂಡರೊಳಗೆ ನೀರು ತುಂಬಿದ್ರೆ ಪಿಸ್ಟನ್ ಮೇಲೆ ಬರೋಕಾಗಲ್ಲ, ನೋಜಲ್ ತೆಗೆದ್ರೆ ಆ ನೀರು ಹೊರಗೆ ಬರುತ್ತೆ. ಇಷ್ಟೆಲ್ಲಾ ಆದ ಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದದ ಪೈಪ್ ಸಿಕ್ಕಿಸಿ ಎಳೆದ್ರು. ಒಂದಿಂಚೂ ಅಲ್ಲಾಡಲಿಲ್ಲ. ಚೇಂಬರ್ ಬೋಲ್ಟ್ ತೆಗೆದು ಆಯಿಲನ್ನ ಬಿಳೀ ತಟ್ಟೆಗೆ ಬಿಟ್ರು. ಬಿಸಿಲಲ್ಲಿ ಅದು ಮಿರಮಿರ ಮಿಂಚ್ತಿತ್ತು. ಬೇರಿಂಗ್ ಲೋಹದ ಪುಡಿ ಅದು. ಹೆಡ್ ಎತ್ತಿದಾಗ ಮೂರನೇ ಸಿಲಿಂಡರಲ್ಲಿ ಪಿಸ್ಟನ್ ಲೈನರಿಗೆ ಕಚ್ಚಿಕೊಂಡಿತ್ತು, ಹೆಡ್‌ನಲ್ಲಿ ವಾಲ್ವ್‌ಗಳ ನಡುವೆ ಬಿರುಕು ಕಾಣಿಸ್ತು.

“ಈಗ ಹೇಳಪ್ಪ, ಸೀಜ್ ಆಗಿದೆ ಅಂತ” ಅಂದ್ರು ಮೇಸ್ತ್ರಿ.

ಅವತ್ತು ರಾತ್ರಿ ಅಪ್ಪ ಊಟಕ್ಕೆ ಕೂರಲಿಲ್ಲ. ಬಂದು ಹೋಗೋರಿಗೆಲ್ಲಾ ಒಂದೇ ಮಾತು, “ನಂದೇ ತಪ್ಪು, ಮುಳ್ಳು ನೋಡೋದು ಗೊತ್ತಾಗ್ಲಿಲ್ಲ.” ಮೂರನೇ ದಿನ ಅಮ್ಮನ ಹತ್ರ, “ಗುಜರಿಗೆ ಹಾಕ್ಬಿಡೋಣ ಕಣೇ, ನಂಗೂ ವಯಸ್ಸಾಯ್ತು, ಇನ್ನು ಸ್ಟೇರಿಂಗ್ ಹಿಡಿಯೋದು ಬೇಡ” ಅಂತಿದ್ರು. ಬಾಗಿಲ ಆಚೆ ನಿಂತು ನಾನು ಕೇಳಿಸ್ಕೊಂಡೆ.

ನನ್ನ ಶೀಟಲ್ಲಿ ಏನಿತ್ತು ಅಂತ ನಂಗೊಬ್ಬನಿಗೇ ಗೊತ್ತಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ ಅಪ್ಪ ಹೇಳಿದ್ರು, “ರೇಡಿಯೇಟರ್ ಸೋರ್ತಿದೆ ಕಣೋ, ಕೆಳಗಿನ ಹೋಸ್ ಪೈಪೂ ಮೆತ್ತಗಾಗಿದೆ, ಮಾಡಿಸ್ಬೇಕು” ಅಂತ. ಅಂದಾಜು 7,000 ರೂಪಾಯಿ. ಆ ತಿಂಗಳು ನಾನು ಹೊಸ ಮೈಕ್, ರೆಕಾರ್ಡರ್ ತಗೊಂಡಿದ್ದೆ. ಹೌದು, ಈಗ ನೀವು ಕೇಳ್ತಿರೋ ಇದೇ ಮೈಕ್. “ಈ ತಿಂಗಳು ಟೈಟ್ ಇದೆ ಅಪ್ಪ, ನೀರು ಹಾಕ್ಕೊಂಡು ಓಡಿಸಿ” ಅಂದಿದ್ದೆ. ಶೀಟಲ್ಲಿ ‘ರೇಡಿಯೇಟರ್: ಮುಂದಿನ ತಿಂಗಳು’ ಅಂತ ಬರೆದೆ. ಮುಂದಿನ ತಿಂಗಳು ಆ ಸಾಲನ್ನ ಕಾಪಿ ಮಾಡಿ ಅದರ ಮುಂದಿನ ತಿಂಗಳಿಗೆ ಹಾಕಿದೆ.

ಅಪ್ಪ ನಾನು ಹೇಳಿದ ಹಾಗೇ ನೀರು ಹಾಕ್ಕೊಂಡು ಓಡಿಸಿದ್ರು. ಎಂಥಾ ನೀರು? ನಮ್ಮ ಬೋರ್‌ವೆಲ್ ನೀರು. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂದ್ರೆ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತೆ. ಅದೇ ಪೊರೆ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟಿಕೊಳ್ತು. ಒಂದು ಕಡೆ ಸೋರಿಕೆ, ಇನ್ನೊಂದು ಕಡೆ ನಾಳ ಕಟ್ಟಿಹೋಗಿದ್ದು. ಕೊನೆಗೆ ಅವತ್ತು ಹೋಸ್ ಪೈಪ್ ಬಾಯಿ ಬಿಡ್ತು.

ಆ ರಾತ್ರಿ ಲ್ಯಾಪ್‌ಟಾಪ್ ತಗೊಂಡು ಹೋಗಿ ಅಪ್ಪನ ಮುಂದೆ ಇಟ್ಟೆ. ಆ ಸಾಲು ತೋರಿಸಿದೆ. “ನೀವು ಹೇಳಿದ್ರಿ ಅಪ್ಪ, ನಾನು ಮುಂದಕ್ಕೆ ಹಾಕ್ದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ” ಅಂದೆ. ಅಪ್ಪ ಬೈತಾರೆ ಅಂತ ಕಾಯ್ತಿದ್ದೆ. ಬೈಲಿಲ್ಲ. ಸುಮಾರು ಹೊತ್ತು ಸ್ಕ್ರೀನ್ ನೋಡಿದ್ರು. “ಇನ್ಮೇಲೆ ತಿಂಗಳ ಲೆಕ್ಕ ಬರೆಯೋವಾಗ ನನ್ನನ್ನೂ ಕೂರಿಸ್ಕೊ” ಅಂದ್ರು, ಎದ್ದು ಹೋಗಿ ಮಲಗಿದ್ರು. ಬೆಳಗ್ಗೆ ನಾನು ಏಳೋ ಹೊತ್ತಿಗೆ ಮೇಸ್ತ್ರಿಗೆ ಫೋನ್ ಮಾಡ್ತಿದ್ರು.

ನಮ್ಮ ಮುಂದೆ ಮೂರು ದಾರಿ ಇತ್ತು. ಒಂದು, ಗುಜರಿಗೆ ಕೊಡೋದು. ಎರಡು, ಅದೇ ಇಂಜಿನ್ನನ್ನ ಕಟ್ಟಿಸೋದು: ಹೊಸ ಲೈನರ್, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಬೇರೆ ಹೆಡ್. ಗ್ಯಾರೇಜಿನೋರು 1,60,000 ಅಂದ್ರು, ಒಂದು ತಿಂಗಳು ಬೇಕು ಅಂದ್ರು. ಮೂರು, ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಕೂರಿಸೋದು. ಇನ್ಶೂರೆನ್ಸ್ ಬರಲ್ವಾ ಅಂತ ಕೇಳಬಹುದು. ಸಾಮಾನ್ಯ ಮೋಟಾರ್ ಪಾಲಿಸೀಲಿ ಯಂತ್ರ ತಾನಾಗೇ ಕೆಟ್ಟಿದ್ದಕ್ಕೆ, ಸವೆದಿದ್ದಕ್ಕೆ ಪರಿಹಾರ ಇಲ್ಲ. ಅಪಘಾತ, ಬೆಂಕಿ, ಕಳವು ಇಂಥದ್ದಕ್ಕೆ ಮಾತ್ರ.

ಮೂರನೇ ದಾರಿ ಹಿಡಿದ್ವಿ. ಮಾರ್ಕೆಟ್ಟಲ್ಲಿ ಹಾಫ್ ಇಂಜಿನ್, ಫುಲ್ ಇಂಜಿನ್ ಅಂತ ಎರಡು ಥರ ಸಿಗುತ್ತೆ. ಹಾಫ್ ಅಂದ್ರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಅಷ್ಟೇ. ಫುಲ್ ಅಂದ್ರೆ ಹೆಡ್ ಸಮೇತ. ನಮ್ಮ ಹೆಡ್ಡೇ ಬಿರುಕು ಬಿಟ್ಟಿದ್ದರಿಂದ ಫುಲ್ಲೇ ಬೇಕಿತ್ತು. ಅಪ್ಪ, ನಾನು, ಮೇಸ್ತ್ರಿ ಮೂವರೂ ಬೆಂಗಳೂರಿಗೆ ಹೋದ್ವಿ.

ಮೊದಲನೇ ಅಂಗಡೀಲಿ 63,000ಕ್ಕೆ ಒಂದು ಇಂಜಿನ್ ಸಿಕ್ತು. ನೋಡೋಕೆ ಚೆನ್ನಾಗಿತ್ತು. ಆದರೆ ಬ್ಲಾಕಿನ ಮೇಲೆ ಇಂಜಿನ್ ನಂಬರ್ ಕೊರೆದಿರೋ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗೆರೆ ಇತ್ತು. ಬಿಲ್ ಕೇಳಿದ್ರೆ “ಆಮೇಲೆ ಕೊಡ್ತೀವಿ ಸರ್” ಅಂದ್ರು. ಎರಡನೇ ಅಂಗಡೀಲಿ 78,000. ನಂಬರ್ ಸ್ವಚ್ಛವಾಗಿತ್ತು, ಜಿಎಸ್‌ಟಿ ಬಿಲ್ ಕೊಡ್ತಿದ್ರು, ಯಾವ ಗಾಡಿಯಿಂದ ಬಿಚ್ಚಿದ್ದು ಅನ್ನೋ ಕಾಗದದ ನಕಲೂ ಇತ್ತು. ನನ್ನ ಮನಸ್ಸು ಆ 15,000 ಕಡೆಗೇ ಎಳೀತಿತ್ತು. ಅಪ್ಪ ಒಂದೇ ಮಾತಲ್ಲಿ ಮುಗಿಸಿದ್ರು: “ಯಾರ ಮನೆ ಗಾಡಿನೋ ಏನೋ, ಬೇಡ.” ಒಂದು ಸಲ ಉಳಿಸೋಕೆ ಹೋಗಿ ಏನಾಯ್ತು ಅಂತ ಇಬ್ಬರಿಗೂ ಗೊತ್ತಿತ್ತು.

ಇಂಜಿನ್ ತಗೊಳ್ಳೋ ಮುಂಚೆ ಮೇಸ್ತ್ರಿ ನೋಡಿದ್ದು ಇವು. ಕೈಯಲ್ಲಿ ತಿರುಗಿಸಿದ್ರೆ ನಾಲ್ಕೂ ಸಿಲಿಂಡರಲ್ಲಿ ಒಂದೇ ಥರ ಬಿಗಿ ಸಿಗುತ್ತಾ? ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆ ಥರ ಏನಾದ್ರೂ ಇದೆಯಾ? ಇದ್ರೆ ಆಯಿಲಿಗೆ ನೀರು ಸೇರಿದೆ ಅಂತ. ನೀರಿನ ಬಾಯಲ್ಲಿ ತುಕ್ಕು ಎಷ್ಟಿದೆ? ಚೇಂಬರಲ್ಲಿ ಮಿಂಚೋ ಪುಡಿ ಇದೆಯಾ? ಇಂಜಿನ್ ಫೌಂಡೇಶನ್ ಅಂದ್ರೆ ಅದನ್ನ ಚಾಸಿಗೆ ಕೂರಿಸೋ ಬ್ರಾಕೆಟ್‌ಗಳು ನಮ್ಮದಕ್ಕೆ ಹೊಂದುತ್ತಾ? ಅದೇ ಮಾದರಿ, ಅದೇ ಬಿಎಸ್ ಹಂತದ್ದಾ?

ಇನ್ನು ಕಾಗದ. ಯೂಟ್ಯೂಬ್ ವಿಡಿಯೋಗಳಲ್ಲಿ ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಇಂಜಿನ್ ನಂಬರ್ ನಿಮ್ಮ ಆರ್‌ಸಿಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯಲ್ಲಿ ಮಾಡೋ ಬದಲಾವಣೆಗಳಿಗೆ ಸಂಬಂಧಪಟ್ಟಿದ್ದು. ನಮ್ಮಂಥೋರು ಮೊದಲೇ ಆರ್‌ಟಿಒಗೆ ಅರ್ಜಿ ಹಾಕಿ ಅನುಮತಿ ತಗೊಂಡು, ಕೆಲಸ ಆದ ಮೇಲೆ 14 ದಿನದೊಳಗೆ ಹೊಸ ನಂಬರನ್ನ ಆರ್‌ಸಿಗೆ ಏರಿಸಿಕೊಳ್ಳೋದು ಸುರಕ್ಷಿತ ದಾರಿ. ಸಾಲ ತೀರದ ಗಾಡಿ ಆದ್ರೆ ಸಾಲ ಕೊಟ್ಟೋರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ತಗೊಳ್ಳಿ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು, ಅಲ್ಲಿ ನಂಬರ್ ತಾಳೆ ಆಗದಿದ್ರೆ ಸಿಕ್ಕಿಬೀಳ್ತೀರಿ. ಅಪಘಾತ ಆಗಿ ಕ್ಲೇಮ್ ಮಾಡೋವಾಗ ತಾಳೆ ಆಗದಿದ್ರೆ ಇನ್ನೂ ಕಷ್ಟ. ಬಿಲ್ ಇಲ್ಲದ ಇಂಜಿನ್ ಯಾಕೆ ಬೇಡ ಅಂತ ಈಗ ಗೊತ್ತಾಯ್ತಲ್ವಾ?

ಈಗ ಅಂಗಳಕ್ಕೆ ಬರೋಣ. ಇಂಜಿನ್ ಹತ್ತತ್ರ 300 ಕೆಜಿ. ನಾನು ಹುಣಸೆ ಮರದ ಕೊಂಬೆಗೆ ಚೈನ್ ಬ್ಲಾಕ್ ಕಟ್ಟೋಣ ಅಂದೆ. “ಕೊಂಬೆ ಮುರಿಯೋ ಮುಂಚೆ ಹೇಳಿ ಮುರಿಯಲ್ಲ” ಅಂದ್ರು ಮೇಸ್ತ್ರಿ. ಮೂರು ದಪ್ಪ ಕಬ್ಬಿಣದ ಪೈಪು ಸೇರಿಸಿ ಮುಕ್ಕಾಲಿ ಥರ ನಿಲ್ಲಿಸಿದ್ವಿ. ನಮ್ಮದು ಮಣ್ಣಿನ ಅಂಗಳ, ಅದಕ್ಕೆ ಪ್ರತಿ ಕಾಲಿನ ಕೆಳಗೂ ಹಲಗೆ ಇಟ್ಟು, ಕಾಲುಗಳು ಅಗಲಕ್ಕೆ ಜಾರದ ಹಾಗೆ ಸುತ್ತ ಸರಪಳಿ ಬಿಗಿದ್ವಿ. ಎರಡು ಟನ್ನಿನ ಚೈನ್ ಬ್ಲಾಕ್ ಬಾಡಿಗೆಗೆ ತಂದ್ವಿ. ಚಕ್ರಕ್ಕೆ ಕಲ್ಲು ಕೊಟ್ಟು, ಬ್ಯಾಟರಿ ಬಿಚ್ಚಿಟ್ಟ ಮೇಲೇ ಕೆಲಸ ಶುರು. ಇನ್ನೊಂದು ಕಡ್ಡಾಯ ನಿಯಮ: ನೇತಾಡೋ ಇಂಜಿನ್ ಕೆಳಗೆ ಯಾರ ಕೈಯೂ ಕಾಲೂ ಹೋಗಬಾರದು. ಬೋಲ್ಟ್ ಬಿದ್ರೂ ಬಿದ್ದಿರಲಿ, ಆಮೇಲೆ ಎತ್ಕೊಳ್ಳೋಣ.

ಬಿಚ್ಚೋವಾಗ ನನ್ನ ಕೆಲಸ ಫೋಟೋ ತೆಗೆಯೋದು. ಪ್ರತಿ ಪೈಪು, ಪ್ರತಿ ವೈರು ಬಿಚ್ಚೋ ಮುಂಚೆ ಒಂದು ಫೋಟೋ, ಆಮೇಲೆ ಟೇಪ್ ಸುತ್ತಿ ನಂಬರ್. ಬೋಲ್ಟುಗಳಿಗೆ ಅಮ್ಮ ತೆಂಗಿನ ಕರಟ ಸಾಲಾಗಿ ಜೋಡಿಸಿದ್ರು. ರೇಡಿಯೇಟರಿಂದು ಒಂದು ಕರಟದಲ್ಲಿ, ಸೆಲ್ಫ್‌ದು ಇನ್ನೊಂದರಲ್ಲಿ, ಹೀಗೆ ಹನ್ನೆರಡು ಕರಟ. ಮುಂದಿನ ಜಾಲರಿ, ರೇಡಿಯೇಟರ್, ಸೈಲೆನ್ಸರ್ ಪೈಪ್, ಡೀಸೆಲ್ ಲೈನ್ ಎಲ್ಲಾ ಬಿಚ್ಚಿ, ಗೇರ್‌ಬಾಕ್ಸ್ ಕೆಳಗೆ ಮರದ ದಿಮ್ಮಿ ಇಟ್ಟು ಜಾಕಿ ಕೊಟ್ವಿ. ಇಲ್ಲದಿದ್ರೆ ಇಂಜಿನ್ ಹೊರಗೆ ಬಂದಾಗ ಗೇರ್‌ಬಾಕ್ಸ್ ಕೆಳಗೆ ಜೋತುಬೀಳುತ್ತೆ.

ಎಳೆದ್ರೆ ಇಂಜಿನ್ ಗೇರ್‌ಬಾಕ್ಸಿಂದ ಬಿಟ್ಕೊಳ್ಳಲಿಲ್ಲ. ನಾನು ಚೈನ್ ಇನ್ನೂ ಒಂದೆರಡು ಸಲ ಎಳೆದೆ. ಮೇಸ್ತ್ರಿ ಕೈ ಹಿಡಿದ್ರು. “ತಡಿ. ಬರ್ತಿಲ್ಲ ಅಂದ್ರೆ ನಾವು ಏನೋ ಮರ್ತಿದೀವಿ ಅಂತ.” ಟಾರ್ಚ್ ಹಾಕಿ ನೋಡಿದ್ರೆ ಬೆಲ್ ಹೌಸಿಂಗಿನ ಮೇಲ್ಗಡೆ ಕೇಬಲ್ ಹಿಂದೆ ಒಂದು ಬೋಲ್ಟ್ ಉಳ್ಕೊಂಡಿತ್ತು. ಇನ್ನೆರಡು ಸಲ ಎಳೆದಿದ್ರೆ ಹೌಸಿಂಗ್ ಸೀಳ್ತಿತ್ತು.

ಹೊಸದನ್ನ ಕೂರಿಸೋವಾಗ, ಹೇಗೂ ಬಿಚ್ಚಿದೀವಲ್ಲ ಅಂತ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲಾ ಬದಲಿಸಿದ್ವಿ. ಕ್ಲಚ್ ಪ್ಲೇಟ್ ಸರಿಯಾಗಿ ಮಧ್ಯಕ್ಕೆ ಕೂರಬೇಕು, ಅದಕ್ಕೆ ಹಳೇ ಗೇರ್‌ಬಾಕ್ಸಿನ ಶಾಫ್ಟ್ ತುಂಡನ್ನೇ ಅಳತೆಗೆ ಬಳಸಿದ್ರು. ಇಂಜಿನ್ ಮತ್ತು ಗೇರ್‌ಬಾಕ್ಸ್ ಮುಖಕ್ಕೆ ಮುಖ ತಾನಾಗೇ ಕೂರಬೇಕು. ಸಂದಿ ಉಳಿದಾಗ ಬೋಲ್ಟ್ ಬಿಗಿದು ಎಳೆಸೋ ಆಸೆ ಬರುತ್ತೆ, ಹಾಗೆ ಮಾಡಿದ್ರೆ ಎರಕ ಒಡೆಯುತ್ತೆ. ನಮಗೆ ಆ ಅರ್ಧ ಇಂಚು ಕೂರಿಸೋಕೇ ಒಂದು ಮಧ್ಯಾಹ್ನ ಹಿಡೀತು.

ಸ್ಟಾರ್ಟ್ ಮಾಡೋ ಮುಂಚೆ ಹೊಸ ಆಯಿಲ್, ಹೊಸ ಫಿಲ್ಟರ್. ಪುಲ್ಲಿಯನ್ನ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿದ್ರು. ನಾಲ್ಕು ಸ್ಟ್ರೋಕ್ ಮುಗಿಯೋಕೆ ಕ್ರ್ಯಾಂಕ್ ಎರಡು ಸುತ್ತು ಹೊಡೀಬೇಕು, ಎಲ್ಲಾದ್ರೂ ತಡೆದ್ರೆ ಅಲ್ಲೇ ಗೊತ್ತಾಗುತ್ತೆ. ಡೀಸೆಲ್ ಲೈನಲ್ಲಿ ಏರ್ ಹಿಡಿದಿರುತ್ತೆ, ಅದಕ್ಕೆ ಕೈ ಪಂಪ್ ಒತ್ತುತ್ತಾ ಗುಳ್ಳೆ ನಿಲ್ಲೋ ತನಕ ಏರ್ ತೆಗೆದ್ರು. ಆಮೇಲೆ ಡೀಸೆಲ್ ಬಂದ್ ಮಾಡೋ ಕೇಬಲ್ ಎಳೆದಿಟ್ಟು, ಆಯಿಲ್ ಲೈಟ್ ಆರೋ ತನಕ ಸ್ವಲ್ಪ ಸ್ವಲ್ಪ ಸೆಲ್ಫ್ ಹೊಡೆಸಿದ್ರು. ಬೇರಿಂಗ್‌ಗಳಿಗೆ ಮೊದಲು ಆಯಿಲ್ ತಲುಪಬೇಕು, ಬೆಂಕಿ ಆಮೇಲೆ.

ಕೊನೆಗೆ ಮೇಸ್ತ್ರಿ ಕೀ ತೆಗೆದು ಅಪ್ಪನ ಕೈಗೆ ಕೊಟ್ರು. “ನೀವೇ ಹೊಡೀರಿ” ಅಂದ್ರು. ಎರಡನೇ ಸಲಕ್ಕೆ ಹೊಗೆ ಉಗುಳಿ ಹಿಡ್ಕೊಳ್ತು. ಅಮ್ಮ ಊದುಬತ್ತಿ ತಂದು ಬಂಪರಿಗೆ ಸಿಕ್ಕಿಸಿದ್ರು. ಅಪ್ಪ ಮಾತ್ರ ಕೆಳಗಿಳಿಯಲಿಲ್ಲ. ಇಪ್ಪತ್ತು ನಿಮಿಷ ಸೀಟಲ್ಲೇ ಕೂತು ಆ ಮುಳ್ಳನ್ನೇ ನೋಡ್ತಿದ್ರು. ಅದು ಮಧ್ಯಕ್ಕೆ ಬಂದು ನಿಂತ ಮೇಲೇ ಇಳಿದಿದ್ದು.

ಲೆಕ್ಕ ಹೇಳ್ತೀನಿ, ಇದು ನಮ್ಮ ಮನೆ ಲೆಕ್ಕ ಮಾತ್ರ. ಇಂಜಿನ್ 78,000. ಸಾಗಣೆ 4,000. ಕ್ಲಚ್ ಸಾಮಾನು 9,500. ರೇಡಿಯೇಟರ್, ಹೋಸ್ ಪೈಪು, ಥರ್ಮೋಸ್ಟಾಟ್, ಕೂಲೆಂಟ್ 8,500. ಆಯಿಲ್, ಫಿಲ್ಟರ್, ಗ್ಯಾಸ್ಕೆಟ್ 6,000. ಪೈಪು, ಚೈನ್ ಬ್ಲಾಕ್ ಬಾಡಿಗೆ 2,000. ಮೇಸ್ತ್ರಿ ಮತ್ತು ಅವರ ಹುಡುಗನಿಗೆ 12,000. ಒಟ್ಟು 1,20,000. ಹಳೇ ಇಂಜಿನ್ ಗುಜರಿಗೆ ಹಾಕಿ 11,000 ಬಂತು. ಕೈಯಿಂದ ಹೋಗಿದ್ದು 1,09,000. ಗಾಡಿ ನಿಂತಿದ್ದು 17 ದಿನ, ದಿನಕ್ಕೆ ಖರ್ಚು ಕಳೆದು 1,200 ಅಂದ್ರೂ 20,400 ದುಡಿಮೆ ಹೋಯ್ತು. ಎರಡೂ ಸೇರಿ 1,29,400. ಇದೆಲ್ಲಾ ಆ 7,000 ಉಳಿಸೋಕೆ ಹೋಗಿ.

ಕಾಮರ್ಸ್ ಓದಿರೋರಿಗೆ ಒಂದು ಮಾತು. ಮುಂದಕ್ಕೆ ಹಾಕಿದ ರಿಪೇರಿ ಉಳಿತಾಯ ಅಲ್ಲ, ಅದು ಪುಸ್ತಕದಲ್ಲಿ ಬರೆಯದ ಸಾಲ. ಅದಕ್ಕೆ ಬಡ್ಡಿ ಎಷ್ಟು ಅಂತ ಬ್ಯಾಂಕಿನ ಥರ ಯಾರೂ ಮುಂಚೆ ಹೇಳಲ್ಲ. ಈಗ ನಮ್ಮ ಗಾಡಿ ಓಡೋ ಪ್ರತಿ ಕಿಲೋಮೀಟರಿಗೆ ಎರಡು ರೂಪಾಯಿ ಬೇರೆ ಖಾತೆಗೆ ಹೋಗುತ್ತೆ. ಅದು ರಿಪೇರಿಗೇ, ಮೈಕಿಗಲ್ಲ. ತಿಂಗಳ ಕೊನೇ ಭಾನುವಾರ ಅಪ್ಪ ಕನ್ನಡಕ ಹಾಕ್ಕೊಂಡು ಪಕ್ಕದಲ್ಲಿ ಕೂರ್ತಾರೆ. ‘ಮುಂದಿನ ತಿಂಗಳು’ ಅಂತ ಬರೆಯೋ ಕಾಲಮ್ಮನ್ನ ಅಳಿಸಿ ಹಾಕಿದೀವಿ.

ಅದನ್ನೆಲ್ಲಾ ಮನೇಲೇ ಮಾಡಬಹುದಾ ಅಂತ ಕೇಳಿದ್ರೆ, ಗೊತ್ತಿರೋರು ಪಕ್ಕದಲ್ಲಿದ್ರೆ ಮಾತ್ರ ಹೌದು. ನಾನೊಬ್ಬನೇ ಆಗಿದ್ರೆ ಹುಣಸೆ ಕೊಂಬೆಗೆ ಕಟ್ಟಿ, ಹೌಸಿಂಗ್ ಸೀಳಿಸಿ, ನಂಬರ್ ಅಳಿಸಿದ ಇಂಜಿನ್ ಕೂರಿಸ್ತಿದ್ದೆ. ಇನ್ನೊಂದು ವಿಷಯ, ಹಳೇ ಆಯಿಲ್, ಕೂಲೆಂಟ್ ಎರಡನ್ನೂ ತೋಟಕ್ಕೋ ಚರಂಡಿಗೋ ಚೆಲ್ಲಬೇಡಿ. ಕೂಲೆಂಟ್ ಸಿಹಿ ಇರುತ್ತೆ, ನಾಯಿ, ದನ ನೆಕ್ಕಿದ್ರೆ ವಿಷ. ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಡಿ.

ನಾಳೆ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ, ತಣ್ಣಗಿದ್ದಾಗ, ಒಂದು ಸಲ ನೀರು ನೋಡಿ, ಆಯಿಲ್ ಕಡ್ಡಿ ನೋಡಿ, ಹೋಸ್ ಪೈಪ್ ಒತ್ತಿ ನೋಡಿ. ಎರಡು ನಿಮಿಷ ಸಾಕು. ಮನೇಲಿ ಅಪ್ಪನೋ ಅಣ್ಣನೋ ‘ಏನೋ ಸದ್ದು ಬರ್ತಿದೆ ಕಣೋ’ ಅಂದ್ರೆ, ಫೋನ್ ಕೆಳಗಿಟ್ಟು ಕೇಳಿ.